ಚನ್ನಂಗಿಗೆ ಬಾಯಾರಲಿ

ಮನುಕುಲದ ಚರಿತ್ರೆಯಲ್ಲಿ ಹಲ್ಲುಗಳು ಹಿಂದೆಯೂ ಮುರಿದಿವೆ, ಮುಂದೆಯೂ ಮುರಿಯಲಿವೆ. ಆದರೆ ಟೈಲರಮ್ಮನ ಅತ್ತೆಯ ಎಡದವಡೆಯ ಹಲ್ಲು ಒಂದು ಬುಧವಾರ ಮಧ್ಯಾಹ್ನ ಊಟದ ನಡುವೆ ಮುರಿದದ್ದನ್ನು ಅಂಥ ಸಾಮಾನ್ಯ ಹಲ್ಲುಗಳ ಸಾಲಿಗೆ ಸೇರಿಸುವುದು ಅನ್ಯಾಯ. ಸಾಮ್ರಾಜ್ಯಗಳು ಇದಕ್ಕಿಂತ ಕಡಿಮೆ ಗದ್ದಲದಲ್ಲಿ ಬಿದ್ದುಹೋಗಿವೆ.

ಅತ್ತೆ ಮೊದಲು ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಬಾಯಿಗೆ ಬೆರಳು ಹಾಕಿ ಎರಡು ವಸ್ತುಗಳನ್ನು ಹೊರತೆಗೆದು ತಟ್ಟೆಯ ಅಂಚಿನಲ್ಲಿಟ್ಟರು. ಒಂದು, ಹಲ್ಲಿನ ಚೂರು. ಇನ್ನೊಂದು, ಚನ್ನಂಗಿ ಕಾಳಿನಷ್ಟೇ ಗಾತ್ರದ, ಅಷ್ಟೇ ಕಂದುಬಣ್ಣದ, ಅದರಂತೆಯೇ ಚಪ್ಪಟೆಯಾದ ಕಲ್ಲು.

"ಇದು ನಮ್ಮ ಹೊಲದ್ದೇ ತಾನೆ?" ಎಂದು ಕೇಳಿದರು.

"ಅಂಗಡಿಯಿಂದ ತಂದ ಕಾಳಲ್ಲೂ ಕಲ್ಲು ಇರುತ್ತಮ್ಮ," ಎಂದ ಮಗ.

"ಅಂಗಡಿಯವನ ಹತ್ರ ಹೋಗಿ ಜಗಳ ಆಡಬಹುದು. ನಿನ್ನ ಹತ್ರ ಆಡಿ ಯಾರಿಗೆ ಏನು ಬಂದಿದೆ?"

ಮಗ ಎಂದರೆ ಟೈಲರಮ್ಮನ ಗಂಡ. ಊರೆಲ್ಲ ಅವನನ್ನು ಡ್ರೈವರ್ ಎಂದೇ ಕರೆಯುತ್ತಿತ್ತು. ಜೀವನವಿಡೀ ಬಸ್ಸು ಓಡಿಸಿ, ನಿವೃತ್ತನಾದ ಮೇಲೆ, ಅಷ್ಟು ದೊಡ್ಡ ಬಸ್ಸು ಓಡಿಸಿದವನಿಗೆ ಎರಡು ಹೊಲ ಓಡಿಸುವುದು ಯಾವ ಲೆಕ್ಕ ಎಂಬ ಧೈರ್ಯದಲ್ಲಿ ಬೇಸಾಯಕ್ಕೆ ಇಳಿದಿದ್ದ. ಮೊದಲ ವರ್ಷವೇ ಮೇಲಿನ ಹೊಲಕ್ಕೆ ಚನ್ನಂಗಿ ಹಾಕಿದ. ಕೆಲವರು ಮಸೂರ ಎನ್ನುವ, ಸಿಪ್ಪೆ ಬಿಡಿಸಿದರೆ ಒಳಗೆ ಕೆಂಪಗಿರುವ ಅದೇ ಬೇಳೆಯ ಕಾಳು. ಬಂದದ್ದು ಮೂರು ಪಾಲು ಕಾಳು, ಒಂದು ಪಾಲು ಹೊಲ.

ಆ ಒಂದು ಪಾಲನ್ನು ಆರಿಸುವ ಕೆಲಸ ಟೈಲರಮ್ಮನದು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಮುಗಿಸಿ, ಕಿಟಕಿಯ ಬೆಳಕಿಗೆ ಮೊರ ಹಿಡಿದು ಕೂತು, ಕಲ್ಲು ಯಾವುದು ಕಾಳು ಯಾವುದು ಎಂದು ನೋಡಿ ನೋಡಿ ಅವಳ ಕಣ್ಣು ಸೋತಿತ್ತು. ಸೋತದ್ದು ಕಲ್ಲಿನಿಂದಲ್ಲ, ವಯಸ್ಸಿನಿಂದ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಸೂಜಿಗೆ ದಾರ ಪೋಣಿಸಲು ಈಗ ಮೂರು ಸಲ ಪ್ರಯತ್ನ ಬೇಕಿತ್ತು. ಹೊಲಿಗೆ ಯಂತ್ರ ಇನ್ನು ಬಹಳ ವರ್ಷ ಅನ್ನ ಹಾಕುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು. ಅನ್ನ ಹಾಕಬಲ್ಲದ್ದು ಒಂದೇ ಉಳಿದಿತ್ತು: ಕಾಲುವೆಯ ಪಕ್ಕದ ಹೊಲ. ಮೇಲಿನದು ಕಲ್ಲುಕಲ್ಲಾದ ತುಂಡು ಜಾಗ. ಕಾಲುವೆ ಹೊಲವೇ ನಿಜವಾದ ಹೊಲ.

ಅತ್ತೆ ತಟ್ಟೆ ಸರಿಸಿದರು.

"ಕಾಲುವೆ ಹೊಲವನ್ನ ಇಟ್ಟಿಗೆಯವರಿಗೆ ಕೊಡ್ತೀನಿ. ಅವರು ಎರಡು ಸಲ ಕೇಳಿ ಕಳಿಸಿದ್ದಾರೆ. ಒಳ್ಳೆ ಜೇಡಿಮಣ್ಣು ಅಂತೆ."

"ಅತ್ತೆ, ಅವರು ಮಣ್ಣು ತೆಗೀತಾರೆ. ಆಮೇಲೆ ಅದು ಹೊಲ ಅಲ್ಲ, ಹೊಂಡ."

"ಹೊಂಡದಲ್ಲಿ ಕಲ್ಲು ಬೆಳೆಯಲ್ಲ ಕಣಮ್ಮ."

ಹೊಲ ಅತ್ತೆಯ ಹೆಸರಿನಲ್ಲಿತ್ತು. ಮಾತು ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಟೈಲರಮ್ಮ ಬೇಡಿಕೊಂಡಳು, ಡ್ರೈವರ್ ಗಂಟಲು ಸರಿಮಾಡಿಕೊಂಡ, ಕೊನೆಗೆ ಅತ್ತೆ ಒಂದು ಹಂಗಾಮಿನ ಗಡುವು ಕೊಟ್ಟರು. ಈ ಚಳಿಗಾಲದ ಬೆಳೆ ಶುದ್ಧವಾಗಿ, ತುಂಬ ಬರಬೇಕು. ಇಲ್ಲವಾದರೆ ಇಟ್ಟಿಗೆ.

ಭಾನುವಾರ ನಾದಿನಿ ಸ್ಕೂಟರಿನಲ್ಲಿ ಬಂದಳು. ಡ್ರೈವರನ ತಂಗಿ, ಬೀಜ ಕೇಂದ್ರದಲ್ಲಿ ಕೆಲಸ. ಹೆಲ್ಮೆಟ್ಟು ತೆಗೆಯುವ ಮೊದಲೇ ಸಲಹೆ ಶುರುಮಾಡುವ ಸ್ವಭಾವ. ಅವಳ ಮಾತು ಸರಿಯಾಗಿರುತ್ತಿತ್ತು, ಅದೇ ಅವಳ ಬಗ್ಗೆ ಎಲ್ಲರಿಗೂ ಇದ್ದ ತಕರಾರು.

"ಈ ಸಲ ಎಲ್ಲಿ ಹಾಕ್ತೀಯ ಅಣ್ಣ?"

"ಚನ್ನಂಗಿ ಮತ್ತೆ ಮೇಲಿನ ಹೊಲಕ್ಕೇ. ಆ ಹೊಲಕ್ಕೆ ಈಗ ಅಭ್ಯಾಸ ಆಗಿದೆ."

"ರೋಗಕ್ಕೂ ಅಭ್ಯಾಸ ಆಗಿದೆ. ಹೋದ ವರ್ಷ ಅಲ್ಲಲ್ಲಿ ಗಿಡ ಬಾಡಿ ಸತ್ತಿದ್ದು ನೆನಪಿದೆಯಾ? ಆ ರೋಗ ಮಣ್ಣಲ್ಲೇ ಕೂತಿರುತ್ತೆ. ಒಂದು ಸಲ ಚನ್ನಂಗಿ ಹಾಕಿದ ಹೊಲಕ್ಕೆ ಮೂರು ವರ್ಷ ಅದನ್ನ ತೋರಿಸಬೇಡ. ಕಡಲೆ, ಬಟಾಣಿನೂ ಬೇಡ, ಅವೆಲ್ಲ ಒಂದೇ ಕುಲದವು. ಅಲ್ಲಿ ಈಗ ಏಕದಳ ಧಾನ್ಯ ಹಾಕು. ಕಾಲುವೆ ಹೊಲದಲ್ಲಿ ಮೆಕ್ಕೆಜೋಳ ಈಗಷ್ಟೇ ಕಟಾವಾಗಿದೆ, ಮಣ್ಣಲ್ಲಿ ತೇವ ಉಳಿದಿದೆ, ಚಳಿ ಶುರುವಾಗ್ತಿದೆ. ಚನ್ನಂಗಿಗೆ ಬೇಕಾಗಿದ್ದೇ ಅದು."

"ಕಾಲುವೆ ಹೊಲ ನೀರು ಹಿಡಿಯುತ್ತೆ ಅಂತ ನೀನೇ ಹೇಳಿದ್ದೆ."

"ಅದಕ್ಕೇ ತಗ್ಗಿನ ಕಡೆ ಒಂದು ಬಸಿಗಾಲುವೆ ತೋಡಬೇಕು. ನಿಂತ ನೀರಲ್ಲಿ ಚನ್ನಂಗಿ ಒಂದೆರಡು ದಿನಾನೂ ತಡೆಯಲ್ಲ. ಬೇರಿಗೆ ಉಸಿರು ಕಟ್ಟುತ್ತೆ."

"ತೋಡೋದು ಯಾರು?"

"ಹೋದ ವರ್ಷ ಕಲ್ಲು ಬೆಳೆದವರು."

ಡ್ರೈವರ್ ತೋಡಿದ. ಅರ್ಧ ಅಡಿಗೊಮ್ಮೆ ನಿಂತು ಸೊಂಟ ಹಿಡಿದುಕೊಂಡು, ದಾರಿಯಲ್ಲಿ ಹೋಗುವವರಿಗೆಲ್ಲ ತನ್ನ ತಂಗಿಯ ವಿದ್ಯಾಭ್ಯಾಸದ ಬಗ್ಗೆ ದೂರುತ್ತ ತೋಡಿದ. ಟೈಲರಮ್ಮ ಮಣ್ಣು ಎತ್ತಿ ಹಾಕಿದಳು. ಅವಳು ದೂರಲಿಲ್ಲ. ಅವಳ ಪಾಲಿನ ದೂರನ್ನೂ ಅವನೇ ಹೇಳಿ ಮುಗಿಸುತ್ತಿದ್ದ.

ಬೀಜವನ್ನು ನಾದಿನಿ ಕೇಂದ್ರದಿಂದ ತಂದಳು, ಜೊತೆಗೆ ಒಂದು ಪೊಟ್ಟಣ ರೈಜೋಬಿಯಂ ಜೀವಾಣು ಗೊಬ್ಬರ. ಬೆಲ್ಲದ ನೀರು ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಆ ಪುಡಿ ಕಲಸಿ, ಬೀಜಕ್ಕೆ ತೆಳ್ಳಗೆ ಮೆತ್ತಿ ಒಣಗಿಸಬೇಕು ಎಂದು ಹೇಳಿ ಹೋದಳು. ಟೈಲರಮ್ಮ ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಸೀರೆಗೆ ಫಾಲ್ಸ್ ಹಚ್ಚುವಷ್ಟು ನಾಜೂಕಾಗಿ ಮೆತ್ತಿ, ಒಣಗಲೆಂದು ಅಂಗಳದ ಸುಡುಬಿಸಿಲಿನಲ್ಲಿ ಬೀಜ ಹರಡಿ, ಮನೆಯಲ್ಲಿ ಮಾತು ಕೇಳುವ ಒಬ್ಬಳಾದರೂ ಇದ್ದಾಳೆ ಎಂದು ತನ್ನನ್ನೇ ಮೆಚ್ಚಿಕೊಂಡಳು.

ನಾದಿನಿ ಬಂದು ಅಂಗಳ ನೋಡಿ ಹಣೆಗೆ ಕೈ ಇಟ್ಟಳು.

"ಅತ್ತಿಗೆ, ನೆರಳಲ್ಲಿ ಒಣಗಿಸೋದಲ್ವಾ?"

"ನೆರಳಲ್ಲಿ ಅಂತ ನೀನು ಹೇಳಲಿಲ್ಲ."

"ಅದರಲ್ಲಿರೋದು ಜೀವಾಣು ಅಂತ ಹೇಳಿದೆ. ಜೀವ ಇರೋದನ್ನ ಯಾರಾದ್ರೂ ಬಿಸಿಲಲ್ಲಿ ಒಣಹಾಕ್ತಾರಾ?"

"ನಿಮ್ಮಣ್ಣನ್ನ ಹಾಕಬೇಕು ಅಂತ ಎಷ್ಟೋ ಸಲ ಅನಿಸಿದೆ," ಎಂದಳು ಟೈಲರಮ್ಮ. ಜಗಲಿಯಲ್ಲಿದ್ದ ಡ್ರೈವರ್ ಆ ದಿನವಿಡೀ ಬಹಳ ಸಂತೋಷವಾಗಿದ್ದ. ಬೈಸಿಕೊಂಡವನು ತಾನಲ್ಲದ ದಿನಗಳು ಅವನ ಬಾಳಿನಲ್ಲಿ ವಿರಳ.

ಇನ್ನೊಂದು ಪೊಟ್ಟಣ ತಂದು ಮತ್ತೆ ಮೆತ್ತಿ, ಈ ಸಲ ಹೊಲಿಗೆ ಕೋಣೆಯ ನೆಲದ ಮೇಲೆ, ನೆರಳಿನಲ್ಲಿ ಒಣಗಿಸಿದರು. ಅದೇ ದಿನ ಬಿತ್ತನೆ. ಡ್ರೈವರನಿಗೆ ಕೈಯಿಂದ ಎರಚುವ ಆಸೆ. ನಾದಿನಿ ಕೂರಿಗೆ ತರಿಸಿದಳು, ಸಾಲಾಗಿ ಬೀಜ ಇಳಿಸುತ್ತ ಹೋಗುವ ಸಾಧನ. ಸಾಲಿಂದ ಸಾಲಿಗೆ ಒಂದಡಿಗಿಂತ ಸ್ವಲ್ಪ ಕಡಿಮೆ. ಬೀಜ ಎರಡು ಬೆರಳು ಆಳ, ಮೇಲೆ ತೇವದ ಮಣ್ಣು.

"ಎರಚಿದ್ರೆ ಏನು, ಹುಟ್ಟಲ್ವಾ?" ಎಂದ ಡ್ರೈವರ್.

"ಹುಟ್ಟುತ್ತೆ. ಕಳೆಯೂ ಅದರ ಜೊತೆ ಹುಟ್ಟುತ್ತೆ. ಸಾಲಿದ್ರೆ ನಡುವೆ ಕೂತು ಕೀಳಬಹುದು. ಎರಚಿದ್ರೆ ಯಾವುದನ್ನ ತುಳೀತೀಯ, ಯಾವುದನ್ನ ಕೀಳ್ತೀಯ? ಜನ ಸಾಲಲ್ಲಿ ನಿಲ್ಲದಿದ್ರೆ ಬಸ್ಸಿಗೆ ಹೇಗೆ ಹತ್ತಿಸ್ತಿದ್ದೆ?"

"ನಮ್ಮ ಬಸ್ಸಿಗೆ ಯಾರೂ ಸಾಲಲ್ಲಿ ನಿಂತಿಲ್ಲ," ಎಂದ ಡ್ರೈವರ್. ಅದು ನಿಜವಾದ್ದರಿಂದ ನಾದಿನಿ ಕೂರಿಗೆಗೆ ಬೀಜ ಸುರಿಯತೊಡಗಿದಳು.

ಮಾರನೆಯ ದಿನ ಶುರುವಾದದ್ದು ರೋಲರ್ ಪ್ರಕರಣ. ಬಿತ್ತಿದ ಹೊಲದ ಮೇಲೆ ಉರುಳುಗುಂಡು ಎಳೆಯಬೇಕು ಎಂದು ನಾದಿನಿ ಹೇಳಿದಾಗ ಡ್ರೈವರ್ ಮೊದಲು ನಕ್ಕ. ತಮಾಷೆಯಲ್ಲ ಎಂದು ತಿಳಿದ ಮೇಲೆ ಎದ್ದು ನಿಂತ.

"ಉತ್ತು ಮೆತ್ತಗೆ ಮಾಡಿದ್ದನ್ನ ಮತ್ತೆ ಅದುಮೋದಾ? ಏನು, ಡಾಂಬರು ರಸ್ತೆ ಮಾಡ್ತೀರಾ? ಹೋದ ವರ್ಷಾನೂ ನೀನು ಇದೇ ಹೇಳಿದ್ದೆ. ನಾನು ಮಾಡಲಿಲ್ಲ."

"ಮಾಡಲಿಲ್ಲ ಅಂತಾನೇ ಅಮ್ಮ ಒಂದೇ ಕಡೆಯಲ್ಲಿ ಅಗೀತಿದ್ದಾರೆ," ಎಂದಳು ತಂಗಿ. "ಚನ್ನಂಗಿ ಗಿಡ ಮೊಣಕಾಲಿಗೂ ಬರಲ್ಲ ಅಣ್ಣ. ಕೆಳಗಿನ ಕಾಯಿ ನೆಲದಿಂದ ಒಂದು ಗೇಣೂ ಮೇಲಿರಲ್ಲ. ಕೊಯ್ಯುವಾಗ ಕುಡುಗೋಲು ನೆಲಕ್ಕೆ ತಾಗಲೇಬೇಕು. ಅಲ್ಲಿ ಹೆಂಟೆ, ಕಲ್ಲು ಮೇಲೆದ್ದು ಕೂತಿದ್ರೆ ಅವೂ ಹೊರೆಯಲ್ಲಿ ಬರ್ತವೆ. ದೊಡ್ಡ ಕಲ್ಲು ಕಣ್ಣಿಗೆ ಕಾಣುತ್ತೆ. ಕಾಳಿನಷ್ಟೇ ಇರೋ ಕಲ್ಲು ಜರಡಿಯಲ್ಲೂ ಕಾಳಿನ ಜೊತೆಗೇ ಇಳಿಯುತ್ತೆ. ಈಗಲೇ ಒತ್ತಿ ನೆಲದೊಳಗೆ ಕೂರಿಸಿಬಿಟ್ರೆ ಅದರ ಪಾಡಿಗೆ ಅದು ಇರುತ್ತೆ. ಬೀಜಕ್ಕೂ ಮಣ್ಣು ಚೆನ್ನಾಗಿ ಅಂಟುತ್ತೆ, ಎಲ್ಲ ಒಟ್ಟಿಗೆ ಮೊಳೆಯುತ್ತೆ."

ಇಷ್ಟು ದಿನ ಮೊರ ಹಿಡಿದು ಕೂತವಳು ಟೈಲರಮ್ಮ. ಬಟ್ಟೆ ಕತ್ತರಿಸುವ ಮೊದಲು ಇಸ್ತ್ರಿ ಹಾಕದಿದ್ದರೆ ಅಂಗಿಯ ಎರಡು ತೋಳು ಒಂದೇ ಅಳತೆಗೆ ಬರುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ನೆಲಕ್ಕೂ ಇಸ್ತ್ರಿ ಬೇಕು ಎಂದು ಕೇಳಿ ಅವಳಿಗೆ ಆಶ್ಚರ್ಯವಾಗಲಿಲ್ಲ. ಹೋದ ವರ್ಷವೇ ಈ ಮಾತು ಬಂದಿತ್ತು, ಗಂಡ ತನಗೆ ಹೇಳಿರಲಿಲ್ಲ ಎಂಬುದು ಮಾತ್ರ ತಲೆಗೆ ಏರಿತು.

"ರೀ, ನಿಮಗೆ ಹೋದ ವರ್ಷವೇ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರೆ... ಇವಳು ಹತ್ತು ಹೇಳ್ತಾಳೆ. ಯಾವುದನ್ನ ಅಂತ ಕೇಳೋದು?"

"ಆ ಹತ್ತನ್ನೂ," ಎಂದಳು ಟೈಲರಮ್ಮ. ಅವಳು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಆಟದ ಮೈದಾನ ಮಟ್ಟಮಾಡುವ ರೋಲರ್ ಒಂದು ಶಾಲೆಯ ಹಿಂದೆ ಬಿದ್ದಿತ್ತು. ಸಮವಸ್ತ್ರ ಹೊಲಿಯುವವಳಿಗೆ ಶಾಲೆ ಇಲ್ಲವೆನ್ನಲಿಲ್ಲ. ಮೇಲ್ಮಣ್ಣು ಒಣಗಿದ ಮೇಲೆ ಸಣ್ಣ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರು. ಮಣ್ಣು ಹಸಿಯಿರುವಾಗ ಎಳೆದರೆ ಗಟ್ಟಿ ಪದರ ಕಟ್ಟಿ ಮೊಳಕೆ ಮೇಲೇಳುವುದಿಲ್ಲ ಎಂದು ನಾದಿನಿ ಎರಡು ದಿನ ಕಾಯಿಸಿದ್ದಳು. ಟ್ರ್ಯಾಕ್ಟರ್ ಓಡಿಸಿದ್ದು ಡ್ರೈವರೇ. ವಿರೋಧ ಎಷ್ಟೇ ಇರಲಿ, ಸ್ಟಿಯರಿಂಗನ್ನು ಇನ್ನೊಬ್ಬರ ಕೈಗೆ ಕೊಡುವಷ್ಟು ದೊಡ್ಡ ವಿರೋಧ ಅದಾಗಿರಲಿಲ್ಲ.

ಮೊಳಕೆ ಒಟ್ಟಿಗೇ ಬಂತು. ಬರುತ್ತಿದ್ದಂತೆಯೇ ಡ್ರೈವರ್ ಯೂರಿಯಾ ಚೀಲ ಹೊತ್ತು ತಂದ.

"ಒಂದೊಂದು ಮುಷ್ಟಿ ಚೆಲ್ಲಿದ್ರೆ ಕಡುಹಸಿರಾಗುತ್ತೆ."

ನಾದಿನಿ ಫೋನಿನಲ್ಲೇ ತಡೆದಳು. ಮೂರನೆಯ ವಾರ ಬಂದು ಒಂದು ಗಿಡವನ್ನು ಮಣ್ಣುಸಮೇತ ನಿಧಾನವಾಗಿ ಅಗೆದು ನೀರಿನಲ್ಲಿ ತೊಳೆದಳು. ಬೇರಿನಲ್ಲಿ ಸಾಸಿವೆಯಷ್ಟು ಗಂಟುಗಳು. ಒಂದನ್ನು ಉಗುರಿನಿಂದ ಒಡೆದಳು. ಒಳಗೆ ನಸುಗೆಂಪು.

"ನೋಡು. ಹೀಗೆ ಕೆಂಪಗಿದ್ರೆ ಕೆಲಸ ನಡೀತಿದೆ ಅಂತ. ಗಾಳಿಯಲ್ಲಿರೋ ಸಾರಜನಕವನ್ನ ಇವೇ ಹಿಡಿದು ಗಿಡಕ್ಕೆ ಕೊಡ್ತವೆ. ಬಿತ್ತುವಾಗ ಸಾಲಿನ ಕೆಳಗೆ ರಂಜಕದ ಗೊಬ್ಬರ ಹಾಕಿದ್ವಲ್ಲ, ಅಷ್ಟು ಸಾಕು. ನೀನು ಯೂರಿಯಾ ಸುರಿದ್ರೆ ಇವು ಕೆಲಸ ನಿಲ್ಲಿಸ್ತವೆ. ಗಿಡ ಬರೀ ಸೊಪ್ಪಾಗಿ ಅಡ್ಡ ಬೀಳುತ್ತೆ."

"ಊಟ ಬಡಿಸಿದ್ರೆ ಅಡುಗೆ ಮಾಡೋದು ಯಾಕೆ ಅಂತ?"

"ಅಂತೂ ಒಂದು ಮಾತು ಅರ್ಥ ಆಯ್ತು ನಿನಗೆ."

ಕಳೆ ಕೀಳಲು ಟೈಲರಮ್ಮ ಕೂತಳು, ಮೊದಲ ಸಲ ಒಂದು ತಿಂಗಳ ಒಳಗೆ, ಎರಡನೆಯ ಸಲ ಗಿಡ ಸಾಲು ಮುಚ್ಚುವ ಮೊದಲು. ಚನ್ನಂಗಿ ಎಳೆಯದರಲ್ಲಿ ಬಡಪಾಯಿ. ಪಕ್ಕದಲ್ಲಿ ಯಾರು ನಿಂತರೂ ಜಾಗ ಬಿಟ್ಟುಕೊಡುತ್ತದೆ. ಡ್ರೈವರನಿಗೆ ಕೂತು ಕೀಳುವುದಾಗದು, ಮೊಣಕಾಲು ನೋವು. ನಿಂತು ನೀರು ಬಿಡುವುದಾದರೆ ಎಷ್ಟು ಹೊತ್ತಾದರೂ ಆದೀತು. ಅವನ ಜೀವನದರ್ಶನವೇ ಅದು: ಬಿಸಿಯಾದದ್ದಕ್ಕೆ, ನಿಂತುಹೋದದ್ದಕ್ಕೆ, ಹೊಗೆಯಾಡಿದ್ದಕ್ಕೆ ಮೊದಲು ನೀರು ಹಾಕು, ಆಮೇಲೆ ಯೋಚಿಸು. ಬಸ್ಸಿನ ರೇಡಿಯೇಟರಿನ ವಿಷಯದಲ್ಲಿ ಈ ದರ್ಶನ ಅವನನ್ನು ಎಂದೂ ಕೈಬಿಟ್ಟಿರಲಿಲ್ಲ.

"ನೀರು ಬೇಡ," ಎಂದಳು ನಾದಿನಿ. "ಮಣ್ಣಿನ ತೇವ ಸಾಕು."

"ನೀರು ಬೇಡ," ಎಂದಳು ಟೈಲರಮ್ಮ, ದಿನಕ್ಕೊಮ್ಮೆ.

ಹೀಗೆ ಬೇಡ ಬೇಡ ಎನ್ನಿಸಿಕೊಂಡವನಿಗೆ, ಇನ್ನೇನು ಹೂ ಬಿಡಬೇಕು ಎನ್ನುವಾಗ, ಮಳೆಯ ಹನಿಯೂ ಇಲ್ಲದೆ ಮಣ್ಣು ಬಿರಿಯತೊಡಗಿದಾಗ, ಈಗ ಒಂದು ಸಲ ಹಗುರವಾಗಿ ನೀರು ಕೊಡು ಎಂದರೆ ಏನು ಮಾಡಿಯಾನು? ಮುಷ್ಕರ ಹೂಡಿದ.

"ನಾನು ಕೊಡಲ್ಲ. ಬೇಡ ಅಂದವರು ನೀವೇ."

"ಆಗ ಬೇಡ ಇತ್ತು ರೀ. ಈಗ ಬೇಕು."

"ನನಗೆ ಈ ನಾಟಕ ಬೇಡ. ಬೆಳಗ್ಗೆ ಒಂದು, ಸಂಜೆ ಒಂದು."

"ಬಸ್ಸನ್ನ ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ತಿದ್ರಾ, ಇಲ್ಲ ಯಾವ ಸ್ಟಾಪಲ್ಲೂ ನಿಲ್ಲಿಸ್ತಿರಲಿಲ್ವಾ?"

"ಎಕ್ಸ್‌ಪ್ರೆಸ್ ಆದ್ರೆ ನಿಲ್ಲಿಸ್ತಿರಲಿಲ್ಲ."

ಟೈಲರಮ್ಮ ಗುದ್ದಲಿ ಹಿಡಿದು ತಾನೇ ಹೋಗಿ ಕಾಲುವೆಯ ಬಾಯಿ ಬಿಡಿಸಿದಳು. ನೀರು ಹರಿದು ಹೋಗಬೇಕು, ನಿಲ್ಲಬಾರದು. ಡ್ರೈವರ್ ಬದುವಿನ ಮೇಲೆ ಕೂತು ಮುಷ್ಕರ ಮುಂದುವರಿಸಿದ. ಆದರೆ ನೀರು ಅಡ್ಡದಾರಿ ಹಿಡಿದಾಗ ಅವನ ಕೈ ತಾನಾಗಿ ಎದ್ದಿತು. "ರೈಟ್... ರೈಟ್... ಇನ್ನೂ ಬರಲಿ... ಹೋಲ್ಡಾನ್." ಅವಳು ಬಾಯಿ ಮುಚ್ಚಿದಳು. ಕಾಲುವೆಯದ್ದೂ, ತನ್ನದೂ.

ಹೂ ಬಂತು, ಕಾಯಿ ಕಟ್ಟಿತು, ಕಾಳು ತುಂಬಿತು. ಆಮೇಲೆ ಎಲೆಗಳು ಕೆಳಗಿನಿಂದ ಹಳದಿಯಾಗತೊಡಗಿದವು.

"ಒಣಗ್ತಿದೆ," ಎಂದ ಡ್ರೈವರ್.

"ಒಣಗಬೇಕು," ಎಂದಳು ಟೈಲರಮ್ಮ.

"ಪಾಪ ಕಣೇ."

"ಅದಕ್ಕೆ ಪಾಪ ಅನ್ನಬೇಡಿ. ನನಗೆ ಅನ್ನಿ."

ಆ ವಾರ ಶಾಲೆಗೆ ಸಮವಸ್ತ್ರ ಕೊಡಲು ಅವಳು ಮೂರು ಮಧ್ಯಾಹ್ನ ಹೊರಗಿದ್ದಳು. ಅಳತೆ ತಪ್ಪಿದ ಚಡ್ಡಿಗಳ ಗಲಾಟೆಯಲ್ಲಿ ಆಮೇಲೂ ಹೊಲದ ಕಡೆ ಹೋಗಲೂ ಆಗಲಿಲ್ಲ. ಹದಿನೈದು ದಿನದ ಮೇಲೆ, ಇಟ್ಟಿಗೆಯವರು ಉತ್ತರ ಕೇಳಲು ಬಂದ ಬೆಳಿಗ್ಗೆ, ಎಲ್ಲರೂ ಒಟ್ಟಿಗೆ ಕಾಲುವೆ ಹೊಲಕ್ಕೆ ನಡೆದರು. ಮುಂದೆ ಅತ್ತೆ, ಕೋಲು ಊರಿಕೊಂಡು. ಪಕ್ಕದಲ್ಲಿ ಇಟ್ಟಿಗೆಯವರು, ಬಹಳ ವಿನಯದ ಮನುಷ್ಯ. ಹೊಲ ನೋಡುವಾಗ ಅವರ ಕಣ್ಣು ಬೆಳೆಯ ಮೇಲೆ ನಿಲ್ಲದೆ ನೇರ ಕೆಳಗಿನ ಮಣ್ಣಿಗೆ ಇಳಿಯುತ್ತಿತ್ತು.

ಹೊಲವೆಲ್ಲ ಕಂದು. ಎಲೆ ಉದುರಿ, ಕಡ್ಡಿಯಾಗಿ ನಿಂತ ಗಿಡಗಳು. ತಗ್ಗಿನ ಒಂದು ಮೂಲೆ ಮಾತ್ರ ಹಸಿರೋ ಹಸಿರು, ಅದರ ಮೇಲೆ ತೆಳುನೀಲಿ ಹೂ ಬೇರೆ.

ಟೈಲರಮ್ಮ ಆ ಮೂಲೆ ನೋಡಿದಳು. ಗಂಡನನ್ನು ನೋಡಿದಳು. ಗಂಡ ಕಾಲುವೆ ನೋಡುತ್ತಿದ್ದ.

"ಪಾಪ, ಆ ಮೂಲೆ ಒಂದು ಉಳಿದುಕೊಂಡಿದೆ," ಎಂದರು ಇಟ್ಟಿಗೆಯವರು ಮರುಕದಿಂದ. "ಉಳಿದದ್ದೆಲ್ಲ ಒಣಗಿ ಹೋಯ್ತಲ್ಲ ತಾಯಿ. ಈ ನೆಲಕ್ಕೆ ಬೆಳೆ ಒಗ್ಗಲ್ಲ."

ಅತ್ತೆ ಕೋಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದರು. "ನಾನು ಹೇಳಿದ ಮಾತು ಹೇಳಿದ್ದೇ. ಒಂದು ಹಂಗಾಮು ಕೊಟ್ಟೆ. ಆಯ್ತು."

"ಅತ್ತೆ, ಇದು ಒಣಗಿದ್ದಲ್ಲ. ಇದು ಬಲಿತದ್ದು. ಆ ಹಸಿರು ಮೂಲೆಯೇ ಕೆಟ್ಟಿರೋದು."

"ಹಸಿರಿರೋದು ಕೆಟ್ಟಿದೆ, ಸತ್ತಿರೋದು ಚೆನ್ನಾಗಿದೆ. ಚೆನ್ನಾಗಿ ಹೇಳ್ತೀಯಮ್ಮ. ನಾಳೆ ಬನ್ನಿ ಇಟ್ಟಿಗೆಯವರೇ, ಮಾತಾಡಿ ಮುಗಿಸೋಣ."

ಟೈಲರಮ್ಮನಿಗೆ ಹೇಳಬೇಕಾದದ್ದೆಲ್ಲ ಗೊತ್ತಿತ್ತು. ಆದರೆ ಹೊಲ ಬೇಕು ಎನ್ನುವ ಸೊಸೆ ಹೊಲ ಚೆನ್ನಾಗಿದೆ ಎಂದರೆ ನಂಬುವವರು ಯಾರು? ಮೂಲೆ ಯಾಕೆ ಹಸಿರಾಗಿದೆ ಎಂದು ಹೇಳಬಲ್ಲವನು ಒಬ್ಬನೇ. ಅವನು ಇನ್ನೂ ಕಾಲುವೆ ನೋಡುತ್ತಿದ್ದ.

"ರೀ," ಎಂದಳು. ಅಷ್ಟೇ.

ಡ್ರೈವರ್ ಚಪ್ಪಲಿ ಕಳಚಿ ಹೊಲಕ್ಕೆ ಇಳಿದ. ಹಸಿರು ಮೂಲೆಯಿಂದ ಒಂದು ಗಿಡ, ಕಂದು ಭಾಗದಿಂದ ಒಂದು ಗಿಡ ಕಿತ್ತು ತಂದು ತಾಯಿಯ ಮುಂದೆ ಹಿಡಿದ.

"ಅಮ್ಮ, ಆ ಮೂಲೆಗೆ ನಾನು ನೀರು ಬಿಟ್ಟೆ."

"ಯಾವಾಗ?"

"ಇವಳು ಶಾಲೆಗೆ ಹೋದಾಗ. ಮೂರು ಸಲ. ಬೇಡ ಅಂದಿದ್ರು. ನೋಡೋಕೆ ಆಗಲಿಲ್ಲ, ಬಿಟ್ಟೆ."

"ಒಳ್ಳೇದೇ ಆಯ್ತಲ್ಲ ಡ್ರೈವರೇ," ಎಂದರು ಇಟ್ಟಿಗೆಯವರು. "ಅದೊಂದಾದ್ರೂ ಬದುಕಿತು."

"ಏನು ಬದುಕಿತು ಸ್ವಾಮಿ? ಬುಡ ನೋಡಿ." ಹಸಿರು ಗಿಡದ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಹಿಡಿದಿತ್ತು. ಕಾಂಡ ಕೊಳೆತು ಜೋತಾಡುತ್ತಿತ್ತು. ಕಾಯಿ ಒಡೆದು ತೋರಿಸಿದ. ಒಳಗೆ ಸಿಪ್ಪೆಯಂಥ ಎಳೆಕಾಳು, ಕೆಲವು ಬರಿದೇ ಗಾಳಿ. "ಈ ಗಿಡಕ್ಕೆ ತಾನಾಗಿ ನಿಲ್ಲೋದು ಗೊತ್ತಿಲ್ಲಮ್ಮ. ನೀರು ಸಿಗ್ತಿರೋವರೆಗೂ ಹೂ ಬಿಡ್ತಾನೇ ಇರುತ್ತೆ, ಕಾಳು ಬಲಿಯಲ್ಲ. ಬಾಯಾರಿಕೆಯೇ ಅದಕ್ಕೆ ಬ್ರೇಕು. ನಾನು ಬ್ರೇಕು ಕಿತ್ತುಹಾಕಿದೆ."

ಆಮೇಲೆ ಕಂದು ಗಿಡವನ್ನು ತಾಯಿಯ ಕಿವಿಯ ಹತ್ತಿರ ಅಲ್ಲಾಡಿಸಿದ. ಕಾಯಿಗಳೊಳಗೆ ಕಾಳು ಗಲಗಲ ಎಂದವು.

ಅತ್ತೆ ಗಿಡವನ್ನು ಕಿತ್ತುಕೊಂಡು ತಾವೇ ಅಲ್ಲಾಡಿಸಿದರು. ಒಂದು ಕಾಯಿ ಒಡೆದರು. ಎರಡು ಕಾಳು, ದುಂಡಗೆ, ಗಟ್ಟಿಯಾಗಿ. ಇನ್ನೊಂದು ಒಡೆದರು. ಬಹಳ ಹೊತ್ತು ಹುಡುಕಿದರು, ತಪ್ಪು ಸಿಗಲಿಲ್ಲ ಎಂಬ ಬೇಸರ ಮುಖದಲ್ಲಿ ಕಾಣುತ್ತಿತ್ತು.

"ಇದನ್ನ ನಿನ್ನ ಹೆಂಡತಿ ಹೇಳಿದಾಗಲೇ ಕೇಳಬಹುದಿತ್ತಲ್ಲ."

"ಕೇಳಬಹುದಿತ್ತು," ಎಂದ ಡ್ರೈವರ್.

"ನೀವು ಈಗ ಕೇಳಲಿಲ್ಲ ಅತ್ತೆ," ಎಂದಳು ಟೈಲರಮ್ಮ. ತಿಂಗಳುಗಟ್ಟಲೆ ತಡೆದಿಟ್ಟದ್ದು, ಹೊರಗೆ ಬಂದೇಬಿಟ್ಟಿತು. ಅತ್ತೆ ಅದು ಕಿವಿಗೆ ಬೀಳದವರಂತೆ ಇಟ್ಟಿಗೆಯವರ ಕಡೆ ತಿರುಗಿ, ನಾಳೆ ಬರುವುದು ಬೇಡ, ಕಟಾವು ಮುಗಿದ ಮೇಲೆ ನಾನೇ ಹೇಳಿ ಕಳಿಸುತ್ತೇನೆ ಎಂದರು.

ಎಲ್ಲ ಕಾಯಿ ಒಣಗಲೆಂದು ಕಾದರೆ ಕೆಳಗಿನವು ಒಡೆದು ಕಾಳು ನೆಲದ ಪಾಲಾಗುತ್ತದೆ ಎಂದು ನಾದಿನಿ ಅವಸರ ಮಾಡಿದಳು. ಇಬ್ಬನಿ ಆರುವ ಮೊದಲು, ಕಾಯಿ ಸಿಡಿಯದ ಹೊತ್ತಿನಲ್ಲಿ ಕೊಯ್ದರು. ಹೋದ ವರ್ಷ ಡ್ರೈವರ್ ಬೇರುಸಮೇತ ಕಿತ್ತು ಅರ್ಧ ಹೊಲವನ್ನೇ ಮನೆಗೆ ತಂದಿದ್ದ. ಈ ಸಲ ಕುಡುಗೋಲು. ಮಟ್ಟವಾಗಿ ಒತ್ತಿದ್ದ ನೆಲದ ಮೇಲೆ ಅದು ಎಲ್ಲಿಯೂ ಹೆಂಟೆಗೆ ತಾಗದೆ ಸಾಗಿತು. ಒಕ್ಕಿದ್ದು ಅಂಗಳದ ಮಣ್ಣಿನ ಮೇಲಲ್ಲ, ಟಾರ್ಪಾಲಿನ ಮೇಲೆ. ಬಂದ ಕಾಳು ಹೋದ ವರ್ಷದ ಚೀಲಗಳಲ್ಲಿ ಹಿಡಿಸಲಿಲ್ಲ. ಹಸಿರು ಮೂಲೆಯದನ್ನು ಬೇರೆ ಇಟ್ಟರು. ಅದರಲ್ಲಿ ಸಿಕ್ಕಿದ್ದು ಒಂದು ಮೊರ, ಅದೂ ಸುಕ್ಕಿದ ಕಾಳು. ಡ್ರೈವರ್ ಅದನ್ನು ತಾನೇ ತಿನ್ನುವುದಾಗಿ ಹೇಳಿದ. ಯಾರೂ ತಡೆಯಲಿಲ್ಲ.

ಅತ್ತೆ ಸೊಸೆಯ ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತು ಮೂರು ಮೊರ ಕಾಳು ಕೆದಕಿದರು. ಒಂದು ಕಡ್ಡಿ ಸಿಕ್ಕಿತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಕಲ್ಲು ಸಿಗಲಿಲ್ಲ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಒಬ್ಬ ಡ್ರೈವರ್ ಇರುತ್ತಾನೆ, ಇಲ್ಲವಾದರೆ ನೀವೇ ಆಗಿರುತ್ತೀರಿ. ಚನ್ನಂಗಿ ಬಿತ್ತುವ ಮುಂಚೆ ಅವನನ್ನು ಕೂರಿಸಿ ಇಷ್ಟು ಹೇಳಿ. ಹೋದ ಸಲ ಹಾಕಿದ ಹೊಲ ಬಿಟ್ಟು ಬೇರೆ ಹೊಲ, ನೀರು ನಿಲ್ಲದಂತೆ ಬಸಿಗಾಲುವೆ. ಬೀಜಕ್ಕೆ ಜೀವಾಣು ಮೆತ್ತಿ ನೆರಳಿನಲ್ಲಿ ಒಣಗಿಸಿ. ಸಾಲಾಗಿ ಬಿತ್ತಿ, ಮೇಲ್ಮಣ್ಣು ಒಣಗಿದ ಮೇಲೆ, ಮೊಳಕೆ ಬರುವ ಮೊದಲು ಉರುಳುಗುಂಡು ಎಳೆಯಿರಿ. ಯೂರಿಯಾ ಚೀಲವನ್ನು ಬೇರೆ ಬೆಳೆಗೆ ಇಡಿ. ಕಳೆಯನ್ನು ಅದು ಚಿಕ್ಕದಿರುವಾಗಲೇ ಕೀಳಿ. ಮಳೆ ಕೈಕೊಟ್ಟರೆ ಹೂವಿಗೆ ಮುಂಚೆ ಒಮ್ಮೆ ಹಗುರವಾಗಿ ನೀರು ಕೊಡಿ, ಕಾಯಿ ತುಂಬುವಾಗ ನೆಲ ತೀರಾ ಒಣಗಿದ್ದರೆ ಇನ್ನೊಮ್ಮೆ. ಕಾಳು ತುಂಬಿ ಎಲೆ ಹಳದಿಯಾದ ಮೇಲೆ ಕಾಲುವೆಯ ಕಡೆ ಹೋಗಲೇಬೇಡಿ. ಪಾಪ ಅನಿಸುತ್ತದೆ. ಅನಿಸಲಿ, ಮನೆಯಲ್ಲೇ ಕೂತು ಅನ್ನಿಸಿಕೊಳ್ಳಿ. ಸಂಶಯವಿದ್ದರೆ ಹತ್ತಿರದ ಬೀಜ ಕೇಂದ್ರದಲ್ಲಿ ಕೇಳಿ. ಅವರು ಹತ್ತು ಹೇಳುತ್ತಾರೆ. ಆ ಹತ್ತನ್ನೂ ಕೇಳಿ.

ಇಟ್ಟಿಗೆಯವರು ಬೇರೆ ಜಾಗ ನೋಡಿಕೊಂಡರು. ಕಾಲುವೆ ಹೊಲದಲ್ಲಿ ಈಗ ಮೆಕ್ಕೆಜೋಳ ಇದೆ.